ಜೀರ್ಣವಾಹನದ ಬೀಳ್ಕೊಡಿಗೆ

ಹೊಸ ವಸ್ತುವನ್ನು ಮನೆಯೊಳಗೆ ಬರಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ವಿಧಿಗಳಿಗೆ ಕೊರತೆಯಿಲ್ಲ. ಹೊಸ ಎತ್ತುಗಳು ಬಂದರೆ ಕಾಲಿಗೆ ನೀರೆರೆದು ಆರತಿಯನ್ನು ಬೆಳಗುವರು. ಹೊಸ ಬಂಡಿಯು ಬಂದರೆ ಗಾಲಿಗಳ ಕೆಳಗೆ ನಿಂಬೆಯ ಹಣ್ಣುಗಳನ್ನಿರಿಸಿ, ಕಾಯಿಯನ್ನೊಡೆದು, ಹೂವಿನ ಸರವನ್ನು ಕಟ್ಟುವರು. ಆದರೆ ಹತ್ತಿಪ್ಪತ್ತು ವರ್ಷ ದುಡಿದು ಸವೆದ ವಸ್ತುವನ್ನು ಯಾವ ರೀತಿಯಲ್ಲಿ ಹೊರಗೆ ಕಳುಹಿಸಬೇಕೆಂಬ ವಿಷಯದಲ್ಲಿ ಪುರೋಹಿತರೂ ಸುಮ್ಮನಿರುವರು, ಪಂಚಾಂಗವೂ ಸುಮ್ಮನಿರುವುದು. ವಸ್ತುವಿನ ಆಗಮನಕ್ಕಿಂತ ನಿರ್ಗಮನದಲ್ಲಿಯೇ ಗೃಹಸ್ಥನ ಧರ್ಮವು ಹೆಚ್ಚಾಗಿ ಪರೀಕ್ಷೆಗೆ ಒಳಗಾಗುವುದೆಂದು ನಮ್ಮ ಅಭಿಪ್ರಾಯವು. ಹದಿನೆಂಟು ವರ್ಷಗಳ ಕಾಲ ಮನೆಯವರ ಕೈಯಿಂದಲೇ ರಿಪೇರಿಯಾಗುತ್ತ ನಡೆದ ಪಿಕಪ್ ಗಾಡಿಯೊಂದನ್ನು ನಾವು ೨೦೨೪ರಲ್ಲಿ ಬಿಟ್ಟುಕೊಡಬೇಕಾಗಿ ಬಂದಾಗ ಈ ವಿಚಾರವು ಮನಸ್ಸಿನಲ್ಲಿ ನಿಂತಿತು. ಈ ತಿಂಗಳು ಅದನ್ನೇ ವಾಚಕರ ಮುಂದಿಡುವೆವು.

ನಮ್ಮ ಸೀಮೆಯನ್ನು ಕಾಣದವರಿಗಾಗಿ ಮೊದಲು ಎರಡು ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳು ೨೦೨೧ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದವು. ತುಂಗಭದ್ರೆಯು ಅಂಚಿನಲ್ಲಿ ಹರಿದು ಹೋಗುವಳಾದರೂ ಒಳನಾಡಿನ ಹೆಚ್ಚಿನ ಹೊಲಗಳು ಮಳೆಯನ್ನೇ ನಂಬಿರುವುವು. ಶೇಂಗಾ, ಜೋಳ, ಮೆಕ್ಕೆಜೋಳ, ಉಳ್ಳಾಗಡ್ಡಿ, ಕೂಡ್ಲಿಗಿಯ ಕಡೆಯ ಹುಣಸೆ, ಹಡಗಲಿಯ ಹೆಸರಾಂತ ಮಲ್ಲಿಗೆ: ಇವೇ ನಮ್ಮ ಸಂಪತ್ತು. ಮಲ್ಲಿಗೆಯು ಮೊಗ್ಗಾಗಿರುವಾಗಲೇ ಪೇಟೆಯನ್ನು ಸೇರತಕ್ಕದ್ದು. ಉಳ್ಳಾಗಡ್ಡಿಯು ಮಳೆಗೆ ಸಿಕ್ಕಿದರೆ ಕೊಳೆತುಹೋಗತಕ್ಕದ್ದು. ಆದುದರಿಂದ ಹೊತ್ತಿಗೆ ಸರಿಯಾಗಿ ಮಾರುಕಟ್ಟೆಯನ್ನು ಮುಟ್ಟುವುದೆಂದರೆ ಅರ್ಧ ಬೆಳೆಯನ್ನು ಉಳಿಸಿಕೊಂಡಂತೆಯೇ ಸರಿ. ಹಿಂದೆ ಈ ಕೆಲಸವು ಎತ್ತಿನ ಬಂಡಿಯದಾಗಿತ್ತು. ೧೯೮೬ರಲ್ಲಿ ಟಾಟಾ ೪೦೭ ಎಂಬ ಸಣ್ಣ ಲಾರಿಯೂ, ೨೦೦೫ರಲ್ಲಿ ಜನರು 'ಚೋಟಾ ಹಾಥಿ' ಎಂದು ಕರೆದ ಟಾಟಾ ಏಸ್ ಗಾಡಿಯೂ ಬಂದ ಮೇಲೆ, ದೊಡ್ಡ ಲಾರಿಯು ನುಗ್ಗಲಾರದ ಹೊಲದ ದಾರಿಗಳಿಗೂ ಯಂತ್ರವಾಹನವು ಬಂದು ನಿಲ್ಲುವಂತಾಯಿತು. ಈ ವರ್ಗದ ವಾಹನಗಳಲ್ಲಿ ಪಿಕಪ್ ಎಂಬುದು ಒಂದು. ಮುಂದೆ ಚಾಲಕನ ಗೂಡು, ಹಿಂದೆ ತೆರೆದ ತೊಟ್ಟಿ. ಹೊತ್ತುಕೊಳ್ಳುವ ಭಾರವು ಒಂದು ಟನ್ನಿಗೆ ಸ್ವಲ್ಪ ಹೆಚ್ಚು.

ನಮ್ಮ ತಮ್ಮನು ಬೇಸಾಯವನ್ನು ನೋಡಿಕೊಳ್ಳುವನು. ನಾವು ಪಾಠಶಾಲೆಯ ಸಂಬಳದಿಂದ ಮನೆಗೆ ಆಸರೆಯಾದವರು. ೨೦೦೬ರಲ್ಲಿ, ಆಗಲೇ ಮೂರು ವರ್ಷ ಓಡಿದ್ದ ಗಾಡಿಯನ್ನು ಹರಪನಹಳ್ಳಿಯ ಕಡೆಯಿಂದ ಕೊಂಡು ತಂದೆವು. ಆದುದರಿಂದ ಅದರ ಫಲಕದ ಮೇಲೆ ದಾವಣಗೆರೆಯ ಹದಿನೇಳು ಎಂಬ ಅಂಕೆಯಿತ್ತು. ಹರಪನಹಳ್ಳಿಯು ೧೯೯೭ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿ, ಮುಂದೆ ಬಳ್ಳಾರಿಗೆ ಮರಳಿ, ಕೊನೆಗೆ ವಿಜಯನಗರದ ಪಾಲಾಯಿತು. ಊರು ಜಿಲ್ಲೆಯಿಂದ ಜಿಲ್ಲೆಗೆ ಹೋದರೂ ಗಾಡಿಯು ತನ್ನ ಅಂಕೆಯನ್ನು ಬಿಡಲಿಲ್ಲ.

ಹಳೆಯ ಗಾಡಿಯನ್ನು ಸಾಕುವುದು ಹಾಲು ಬತ್ತಿದ ಎಮ್ಮೆಯನ್ನು ಸಾಕಿದಂತೆ ಎಂದು ನಗುವವರುಂಟು. ಆದರೆ ರಿಪೇರಿಯ ವಿದ್ಯೆಯು ಒಂದು ಮನೆಗೆ ಕೊಡುವ ಶಿಕ್ಷಣವನ್ನು ಅಂಥವರು ಅರಿಯರು. ನಮ್ಮ ತಮ್ಮನ ಮಗನು ಭೌತಶಾಸ್ತ್ರವನ್ನು ಪುಸ್ತಕದಿಂದ ಕಲಿಯುವುದಕ್ಕೆ ಮುಂಚೆ ಬೇವಿನ ಮರದ ಕೆಳಗೆ ಗೋಣಿಯ ತಾಟನ್ನು ಹಾಸಿಕೊಂಡು ಕಲಿತನು. ಡೀಸೆಲು ಪೂರ್ತಿಯಾಗಿ ಮುಗಿದರೆ ಕೊಳವೆಗಳಲ್ಲಿ ಗಾಳಿಯು ಸೇರಿಕೊಳ್ಳುವುದು. ಅನಂತರ ತೊಟ್ಟಿಯನ್ನು ತುಂಬಿದರೂ ಗಾಡಿಯು ಹೊರಡದು. ಏಕೆಂದರೆ ದ್ರವವನ್ನು ಒತ್ತಿದರೆ ಅದು ಮುಂದಕ್ಕೆ ಸರಿಯುವುದು, ಗಾಳಿಯನ್ನು ಒತ್ತಿದರೆ ಅದು ಕುಗ್ಗಿ ಅಲ್ಲಿಯೇ ಉಳಿಯುವುದು. ಫಿಲ್ಟರಿನ ಮೇಲಿರುವ ತಿರುಪನ್ನು ಸಡಲಿಸಿ, ಕೈಪಂಪನ್ನು ಒತ್ತುತ್ತ ಹೋಗಿ, ಗುಳ್ಳೆಯಿಲ್ಲದ ಡೀಸೆಲು ಬಂದೊಡನೆ ತಿರುಪನ್ನು ಬಿಗಿದರೆ ಯಂತ್ರವು ಎಚ್ಚೆತ್ತುಕೊಳ್ಳುವುದು. ಈ ಒಂದು ಉಪಚಾರವನ್ನು ಅರಿಯದೆ ಎಷ್ಟೋ ಮಂದಿ ರಾತ್ರಿಯೆಲ್ಲ ದಾರಿಯಲ್ಲಿ ಕುಳಿತಿರುವರು.

ಗೃಹಿಣಿಯರ ಅಡಿಗೆಮನೆಯಿಂದಲೂ ಗಾಡಿಗೆ ಔಷಧವು ಹೋದುದುಂಟು. ರೇಡಿಯೇಟರಿನಲ್ಲಿ ಸೂಜಿಯ ಮೊನೆಯಷ್ಟು ತೂತು ಬಿದ್ದು ನೀರು ಜಿನುಗುವಾಗ, ಯಂತ್ರವು ಪೂರ್ತಿಯಾಗಿ ತಣ್ಣಗಾದ ಮೇಲೆ ಒಂದು ಹಿಡಿ ಅರಿಸಿನದ ಪುಡಿಯನ್ನು ನೀರಿನಲ್ಲಿ ಬೆರೆಸಿ ಹಾಕುವ ರೂಢಿಯು ಚಾಲಕರಲ್ಲಿ ಬಹುಕಾಲದಿಂದಲೂ ಇದೆ. ಪುಡಿಯು ತೂತಿಗೆ ಹೋಗಿ ಕಚ್ಚಿಕೊಂಡು ಊರು ಸೇರುವ ತನಕ ನೀರನ್ನು ತಡೆಯುವುದು. ಆದರೆ ಇದು ದಾರಿಯ ಮದ್ದೇ ಹೊರತು ಮನೆಯ ಮದ್ದಲ್ಲ. ಪದೇ ಪದೇ ಹಾಕಿದರೆ ಅದೇ ಅರಿಸಿನವು ಸಣ್ಣ ಕೊಳವೆಗಳನ್ನೂ ಮುಚ್ಚಿ ಯಂತ್ರವನ್ನು ಕಾಯಿಸುವುದು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಕೂಡದು. ಒಳಗಿನ ನೀರು ಒತ್ತಡದಲ್ಲಿರುವುದರಿಂದ ನೂರು ಡಿಗ್ರಿಯನ್ನು ಮೀರಿದರೂ ಕುದಿಯದೆ ಇರುವುದು. ಮುಚ್ಚಳವನ್ನು ತೆಗೆದ ಕ್ಷಣವೇ ಕುದಿದು ಮುಖದ ಮೇಲೆ ಚಿಮ್ಮುವುದು.

ಕಮಾನಿನ ಪಟ್ಟಿಗಳು ನಮ್ಮ ದಾರಿಗಳ ಕೃಪೆಯಿಂದ ಮೂರು ಸಲ ಮುರಿದುವು. ಮುರಿದ ಪಟ್ಟಿಯನ್ನು ನಾವು ಎಸೆಯಲಿಲ್ಲ. ಅದು ಬಾಗಿದರೂ ಮರಳಿ ನೆಟ್ಟಗಾಗುವ ಗಟ್ಟಿಯಾದ ಉಕ್ಕು. ಹದವರಿತ ಕಮ್ಮಾರನಿಗೆ ಅದಕ್ಕಿಂತ ಒಳ್ಳೆಯ ಲೋಹವು ಹಳ್ಳಿಯಲ್ಲಿ ಸಿಕ್ಕದು. ನಮ್ಮ ಮನೆಯ ಎರಡು ಕುಡುಗೋಲುಗಳೂ ಒಂದು ಮಚ್ಚೂ ಆ ಪಟ್ಟಿಗಳಿಂದ ಹುಟ್ಟಿದವು. ಉಳ್ಳಾಗಡ್ಡಿಯನ್ನು ಹೊತ್ತ ಉಕ್ಕೇ ಈಗ ಜೋಳವನ್ನು ಕೊಯ್ಯುತ್ತಿರುವುದು.

ಹೀಗೆ ವರ್ಷಗಳು ಕಳೆದಂತೆ ಗಾಡಿಯ ಅವಯವಗಳು ಒಂದೊಂದಾಗಿ ಬದಲಾದುವು. ಕ್ಲಚ್ಚಿನ ಫಲಕ, ಬ್ರೇಕಿನ ಲೈನರುಗಳು, ರೇಡಿಯೇಟರು, ಬ್ಯಾಟರಿ, ತೊಟ್ಟಿಯ ಹಲಗೆಗಳು, ಕೊನೆಗೆ ಬಾಗಿಲೂ ಹೊಸದಾಯಿತು. ಹಾಗಾದರೆ ಇದು ನಾವು ಕೊಂಡು ತಂದ ಗಾಡಿಯೇ? ಮಿಲಿಂದರಾಜನನ್ನು ನಾಗಸೇನ ಭಿಕ್ಷುವು ಈ ರೀತಿಯಲ್ಲಿಯೇ ಕೇಳಿದನೆಂದು ಬೌದ್ಧರ ಗ್ರಂಥವು ಹೇಳುವುದು: ಅಚ್ಚು ರಥವೇ, ಗಾಲಿಯು ರಥವೇ, ನೊಗವು ರಥವೇ ಎಂದು. ನೈಯಾಯಿಕರಾದರೋ ಬಟ್ಟೆಯಿಂದ ಒಂದು ನೂಲನ್ನು ತೆಗೆದರೂ ಹಳೆಯ ಬಟ್ಟೆಯು ನಾಶವಾಗಿ 'ಖಂಡಪಟ'ವೆಂಬ ಹೊಸ ಬಟ್ಟೆಯು ಹುಟ್ಟುವುದೆಂದು ಸಾಧಿಸುವರು. ಅವರ ಮತದಂತೆ ನಮ್ಮ ಅಂಗಳದಲ್ಲಿ ಹದಿನೆಂಟು ವರ್ಷಗಳಲ್ಲಿ ನೂರಾರು ಗಾಡಿಗಳು ಹುಟ್ಟಿ ಸತ್ತಿರಬೇಕು. ಸಾರಿಗೆ ಇಲಾಖೆಯವರು ಮಾತ್ರ ಈ ತರ್ಕಕ್ಕೆ ಸಿಕ್ಕಿಬೀಳದೆ ಒಂದೇ ಮಾತಿನಲ್ಲಿ ನಿರ್ಣಯಿಸಿರುವರು: ಚಾಸಿಸ್ ಎಂಬ ಉಕ್ಕಿನ ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆಯೇ ಗಾಡಿಯ ಗುರುತು. ನಗುವ ಮಾತಾದರೂ ಇದರಲ್ಲಿ ತಥ್ಯವುಂಟು. ಉಳಿದುದೆಲ್ಲವನ್ನೂ ಬದಲಾಯಿಸಬಹುದು, ಬೆನ್ನೆಲುಬನ್ನು ಬದಲಾಯಿಸಲಾಗದು.

೨೦೨೩ರ ಮಳೆಗಾಲದ ಅನಂತರ ನಮ್ಮ ಗಾಡಿಯ ಬೆನ್ನೆಲುಬಿನಲ್ಲಿಯೇ ದೋಷವು ಕಂಡಿತು. ಹಿಂದಿನ ಕಮಾನನ್ನು ಹಿಡಿದಿರುವ ಸ್ಥಳದ ಹತ್ತಿರ, ತುಕ್ಕಿನ ಕೆಳಗೆ, ಕೂದಲೆಳೆಯಂತಹ ಬಿರುಕು. ವೆಲ್ಡಿಂಗ್ ಮಾಡುವವನು ಅನುಭವಸ್ಥನು. ಬೆಸುಗೆಯನ್ನು ಹಾಕಬಹುದು, ಆದರೆ ಬೆಸುಗೆಯ ಶಾಖವನ್ನು ತಿಂದ ಪಕ್ಕದ ಉಕ್ಕು ತನ್ನ ಹದವನ್ನು ಕಳೆದುಕೊಳ್ಳುವುದು, ಮುಂದಿನ ಬಿರುಕು ಬೆಸುಗೆಯ ಅಂಚಿನಲ್ಲಿಯೇ ಹುಟ್ಟುವುದು, ಅದು ಎಂದು ಬಾಯಿ ಬಿಡುವುದೋ ಹೇಳಲಾಗದು ಎಂದನು. ಬ್ರೇಕಿನ ಡ್ರಮ್ಮುಗಳನ್ನೂ ತೋರಿಸಿದನು. ಅವು ಕಡೆಸಿ ಕಡೆಸಿ ಮಿತಿಮೀರಿ ತೆಳುವಾಗಿದ್ದುವು.

ಬಿರುಕು ಬಿಟ್ಟ ವಾಹನವು ಏನನ್ನು ಮಾಡಬಲ್ಲುದೆಂಬುದನ್ನು ಕೊಟ್ಟೂರಿನ ಸೀಮೆಯವರಿಗೆ ಯಾರೂ ಉಪದೇಶಿಸಬೇಕಾಗಿಲ್ಲ. ಮಾಘ ಬಹುಳದ ಮೂಲಾ ನಕ್ಷತ್ರದಂದು ಗುರು ಕೊಟ್ಟೂರೇಶ್ವರನ ತೇರು ನಡೆಯುವುದು. ದಾವಣಗೆರೆಯ ಕಡೆಯಿಂದಲೂ ಜನರು ಕಾಲ್ನಡಿಗೆಯಲ್ಲಿ ಬರುವರು. ೨೦೧೭ನೆಯ ಇಸವಿ ಫೆಬ್ರವರಿ ೨೧ರಂದು ಆ ತೇರು ಅಚ್ಚು ಮುರಿದು, ಸಾವಿರಾರು ಜನರ ಕಣ್ಣೆದುರಿಗೆ ಉರುಳಿಬಿದ್ದಿತು, ಕೆಲವರು ಗಾಯಗೊಂಡರು. ಭಕ್ತಿಯಿಂದ ಎಳೆದ ತೇರಿಗೂ ಅಚ್ಚು ಅಚ್ಚೇ. ಮುಂದೆ ಊರವರು ಹೊಸ ತೇರನ್ನು ಕಟ್ಟಿಸಿ ಉತ್ಸವವನ್ನು ನಡೆಸಿದರು. ಹಳೆಯದರ ಮೇಲಿನ ಗೌರವವು ಅದರಿಂದ ಕಡಿಮೆಯಾಯಿತೆಂದು ಯಾರೂ ಹೇಳಲಾರರು. ನಮ್ಮ ಆಗಮಗಳಲ್ಲಿಯೂ ಜೀರ್ಣೋದ್ಧಾರವೆಂಬ ವಿಧಿಯೊಳಗೆ, ಸರಿಪಡಿಸಲಾಗದಂತೆ ಭಿನ್ನವಾದ ಬಿಂಬವನ್ನು ಮರ್ಯಾದೆಯಿಂದ ನೀರಿನಲ್ಲಿ ವಿಸರ್ಜಿಸಿ ಹೊಸದನ್ನು ಸ್ಥಾಪಿಸುವ ಕ್ರಮವೂ ಸೇರಿರುವುದು. ಉದ್ಧಾರದ ಜೊತೆಗೆ ವಿಸರ್ಜನೆಯನ್ನೂ ಹೇಳಿದ ಹಿರಿಯರು ಲೋಕವನ್ನು ಬಲ್ಲವರಾಗಿದ್ದರು.

ಲೆಕ್ಕದ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ನಮ್ಮ ತಮ್ಮನ ಹೆಂಡತಿಯು ತಿಂಗಳಿಗೊಂದು ಪುಟದಂತೆ ಮೂರು ಕಲಮುಗಳನ್ನು ಬರೆಯುವ ರೂಢಿಯನ್ನಿಟ್ಟುಕೊಂಡಿದ್ದಳು: ಗಾಡಿಯು ಓಡಿದ ದಿನಗಳು, ನಿಂತ ದಿನಗಳು, ರಿಪೇರಿಗೆ ಹೋದ ರೂಪಾಯಿಗಳು. ನಿಂತ ದಿನಗಳು ಓಡಿದ ದಿನಗಳನ್ನು ಮೀರಿದ ತಿಂಗಳುಗಳು ಒಂದರ ಹಿಂದೆ ಒಂದು ಬಂದುವು. ಸರಕಿನ ಗಾಡಿಗೆ ಮೊದಲ ಎಂಟು ವರ್ಷಗಳ ಅನಂತರ ಪ್ರತಿವರ್ಷವೂ ಯೋಗ್ಯತಾಪತ್ರವನ್ನು, ಅಂದರೆ ಜನರು ಎಫ್.ಸಿ. ಎನ್ನುವುದನ್ನು, ಪಡೆಯಬೇಕು, ಹದಿನೈದು ವರ್ಷಗಳಾದ ಗಾಡಿಗಳಿಗೆ ಇದರ ಶುಲ್ಕವು ೨೦೨೨ನೆಯ ಏಪ್ರಿಲ್ ೧ರಿಂದ ಹಲವು ಪಟ್ಟು ಏರಿತು. ಯಾವ ಮನೆಯವರಾದರೂ ಇಂತಹ ಪುಸ್ತಕವನ್ನು ಇಡುವುದು ಒಳ್ಳೆಯದು. ಮನಸ್ಸು ಮಮತೆಯಿಂದ ಮಸಕಾಗುವುದು, ಕಾಗದವು ಮಸಕಾಗುವುದಿಲ್ಲ.

ಇಷ್ಟಾದ ಮೇಲೆ ಗಾಡಿಯನ್ನು ಬಿಡುವುದೆಂದು ಮನೆಯವರೆಲ್ಲರೂ ಒಪ್ಪಿದರು. ಯಾರಿಗೆ ಬಿಡುವುದೆಂಬಲ್ಲಿ ಮಾತು ಬೆಳೆಯಿತು. ಪಕ್ಕದ ಹಳ್ಳಿಯ ಯುವಕನೊಬ್ಬನು, ಹಿಂದೆ ನಮ್ಮಲ್ಲಿಯೇ ಓದಿದವನು, ಗುಜರಿಯವನ ಬೆಲೆಗಿಂತ ಒಂದೂವರೆ ಪಟ್ಟು ಹೆಚ್ಚಾಗಿ ಕೊಡುವೆನೆಂದು ಬಂದನು. ಉಳ್ಳಾಗಡ್ಡಿಯನ್ನು ಕೀಳುವ ಕೂಲಿಯವರನ್ನು ಹೊಲಗಳಿಗೆ ಮುಟ್ಟಿಸುವುದು, ಜಾತ್ರೆಯ ಕಾಲದಲ್ಲಿ ಮೈಲಾರಕ್ಕೆ ಜನರನ್ನು ಕರೆದೊಯ್ಯುವುದು ಅವನ ಉದ್ದೇಶವಾಗಿತ್ತು. ಬಿರುಕನ್ನೂ ಡ್ರಮ್ಮುಗಳನ್ನೂ ನಾವು ಬಾಗಿಸಿ ತೋರಿಸಿದೆವು. "ಅದನ್ನೆಲ್ಲ ನಾ ನೋಡಿಕೊಳ್ತೀನಿ ಮೇಷ್ಟ್ರೆ, ನಿಧಾನಕ್ಕೆ ಓಡಿಸ್ತೀನಿ, ನನಗೆ ಬೇರೆ ದಾರಿ ಇಲ್ಲ" ಎಂದನು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಇದ್ದುದು ಬಡತನ.

ನಮ್ಮ ತಮ್ಮನ ವಾದವು ಸಾಮಾನ್ಯವಾದುದಲ್ಲ. "ಅಣ್ಣಾ, ನಾವು ಏನನ್ನೂ ಮುಚ್ಚಿಲ್ಲ. ಅವನಾಗಿಯೇ ಕೇಳಿಕೊಂಡು ಬಂದಾನೆ. ಕೊಡದಿದ್ದರೆ ಇದಕ್ಕಿಂತ ಕೆಟ್ಟ ಗಾಡಿಯನ್ನು ಇನ್ನೆಲ್ಲಿಯೋ ಕೊಳ್ಳುತ್ತಾನೆ. ನಮಗೂ ಬೀಜ ಗೊಬ್ಬರಕ್ಕೆ ಹಣ ಬೇಕು" ಎಂದನು. ಇದಕ್ಕೆ ಕೂಡಲೆ ಕೊಡತಕ್ಕ ಉತ್ತರವು ನಮ್ಮ ಶಾಸ್ತ್ರಜ್ಞಾನದಲ್ಲಿ ಇರಲಿಲ್ಲ. ಬಾಗಿಲ ಹಿಂದೆ ಮೊರದಲ್ಲಿ ಶೇಂಗಾ ಕೇರುತ್ತಿದ್ದ ಅವನ ಹೆಂಡತಿಯು ಕೈ ನಿಲ್ಲಿಸಿ, "ಅವನು ಕೇಳಿಕೊಂಡು ಬಂದಾನೆ, ನಿಜ. ಹಿಂದೆ ಹತ್ತೋ ಹೆಣ್ಣುಮಕ್ಕಳು ಯಾರೂ ಕೇಳಿಕೊಂಡು ಬಂದಿಲ್ಲವಲ್ಲ" ಎಂದಳು. ಮತ್ತೆ ಕೇರತೊಡಗಿದಳು. ವ್ಯವಹಾರವು ಅಲ್ಲಿಗೆ ತೀರ್ಮಾನವಾಯಿತು.

ಆ ರಾತ್ರಿ ನಮಗೆ ಕಠೋಪನಿಷತ್ತಿನ ಆರಂಭವು ನೆನಪಾಯಿತು. ಸರ್ವಸ್ವವನ್ನೂ ದಾನ ಮಾಡುವ ಯಜ್ಞದಲ್ಲಿ ತಂದೆಯು ಮೇಯಲಾರದ, ನೀರು ಕುಡಿಯಲಾರದ, ಹಾಲು ಬತ್ತಿದ ಗೋವುಗಳನ್ನು ಕೊಡುತ್ತಿದ್ದುದನ್ನು ಕಂಡು ಬಾಲಕನಾದ ನಚಿಕೇತನ ಮನಸ್ಸು ಕಳವಳಗೊಂಡಿತು. ಲೆಕ್ಕಕ್ಕೆ ಅದು ದಾನವೇ; ಪಡೆದವನಿಗೆ ಮಾತ್ರ ಭಾರ. ನಮ್ಮ ಕಾಲದಲ್ಲಿ ಇಂತಹ ಗೋವುಗಳು ಬಹಳವಾಗಿ ನಡೆದಾಡುತ್ತಿರುವುವು. ಪಟ್ಟಣದಲ್ಲಿ ಬೇಡವಾದ ಗಾಡಿಯು ಸಣ್ಣ ಊರಿಗೆ ಬರುವುದು, ಸಣ್ಣ ಊರಿನಲ್ಲಿ ಬೇಡವಾದುದು ಹಳ್ಳಿಗೆ, ಹಳ್ಳಿಯಲ್ಲಿ ಬೇಡವಾದುದು ತಾಂಡಾಕ್ಕೆ. ಪ್ರತಿಯೊಂದು ಕೈಯೂ ಕೆಳಗಿನ ಕೈಗೆ ಅಪಾಯವನ್ನು ದಾಟಿಸಿ ಹಣವನ್ನು ಎಣಿಸಿಕೊಳ್ಳುವುದು. ಸರಕಿನ ಗಾಡಿಯ ತೊಟ್ಟಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೂ ವಿರುದ್ಧವಾದುದು. ಹಾಗೆ ಹತ್ತಿದವರಿಗೆ ಏನಾದರೂ ಆದರೆ ವಿಮೆಯ ರಕ್ಷಣೆಯೂ ಸಾಮಾನ್ಯವಾಗಿ ದೊರೆಯದು.

ಧರ್ಮದ ಮಾತು ಒತ್ತಟ್ಟಿಗಿರಲಿ. ವ್ಯವಹಾರದ ಮಾತನ್ನೂ ವಾಚಕರು ತಿಳಿದಿರಬೇಕು. ಹಳೆಯ ಗಾಡಿಯನ್ನು ಕೈಬದಲಾಯಿಸಿ ಕಾಗದವನ್ನು ಮಾತ್ರ ಹಳೆಯ ಹೆಸರಿನಲ್ಲಿಯೇ ಬಿಡುವ ಪದ್ಧತಿಯು ನಮ್ಮ ಕಡೆ ಸರ್ವತ್ರವಾಗಿದೆ. ಇದು ಹಾವನ್ನು ಮಾರಿ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡಂತೆ. ೨೦೧೮ನೆಯ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಎಂಬವರ ಮೊಕದ್ದಮೆಯಲ್ಲಿ, ಗಾಡಿಯು ಎಷ್ಟು ಕೈಗಳನ್ನು ದಾಟಿದ್ದರೂ, ಅಪಘಾತದ ದಿನದಲ್ಲಿ ನೋಂದಣಿಯ ಪುಸ್ತಕದಲ್ಲಿ ಯಾರ ಹೆಸರಿರುವುದೋ ಅವನೇ ಒಡೆಯನೆಂದೂ ಪರಿಹಾರದ ಹೊಣೆಯು ಅವನದೆಂದೂ ತೀರ್ಪಿತ್ತಿತು. ಆದುದರಿಂದ ಓಡುವ ಸ್ಥಿತಿಯಲ್ಲಿರುವ ಗಾಡಿಯನ್ನು ಮಾರಿದವರು ೧೯೮೮ರ ಮೋಟಾರು ವಾಹನಗಳ ಅಧಿನಿಯಮದಂತೆ, ಅದು ರಾಜ್ಯದೊಳಗೇ ಇರುವುದಾದರೆ ಹದಿನಾಲ್ಕು ದಿನಗಳೊಳಗಾಗಿ ೨೯ನೆಯ ನಮೂನೆಯಲ್ಲಿ ಸಾರಿಗೆ ಕಚೇರಿಗೆ ತಿಳಿಸತಕ್ಕದ್ದು. ಕೊಂಡವನು ಮೂವತ್ತು ದಿನಗಳೊಳಗಾಗಿ ೩೦ನೆಯ ನಮೂನೆಯನ್ನು ಕೊಟ್ಟು ತನ್ನ ಹೆಸರಿಗೆ ಮಾಡಿಸಿಕೊಳ್ಳತಕ್ಕದ್ದು. ಬ್ಯಾಂಕಿನ ಸಾಲವಿದ್ದರೆ ೩೫ನೆಯ ನಮೂನೆಯಿಂದ ಅದನ್ನು ತೆಗೆಸಿರಬೇಕು. ನಮ್ಮ ಗಾಡಿಯನ್ನು ಕೊಂಡ ವರ್ಷವೇ ಇದನ್ನೆಲ್ಲ ಮಾಡಿಸಿದ್ದುದರಿಂದ ಬಿಡುವಾಗ ನಮಗೆ ತೊಡಕಾಗಲಿಲ್ಲ.

ಓಡಿಸಲಾಗದ ಗಾಡಿಯ ವಿಷಯದಲ್ಲಿ ದಾರಿಯು ಬೇರೆ. ಅದನ್ನು ಹಾಗೆಯೇ ಗುಜರಿಗೆ ತಳ್ಳಿದರೆ ಅದರ ನೋಂದಣಿಯು ಜೀವಂತವಾಗಿಯೇ ಉಳಿಯುವುದು. ಸತ್ತ ಗಾಡಿಯ ಹೆಸರಿನಲ್ಲಿ ಕದ್ದ ಗಾಡಿಯು ತಿರುಗಾಡುವುದಕ್ಕೆ ಅದೇ ಆಸ್ಪದವು. ೨೦೨೧ರ ಸೆಪ್ಟೆಂಬರಿನಲ್ಲಿ ಹೊರಟ ನಿಯಮಗಳಂತೆ ನೋಂದಾಯಿತವಾದ ಗುಜರಿ ಕೇಂದ್ರಗಳು ಏರ್ಪಟ್ಟಿರುವುವು. ಅಲ್ಲಿ ಗಾಡಿಯನ್ನೊಪ್ಪಿಸಿದರೆ ಠೇವಣಿಯ ಪ್ರಮಾಣಪತ್ರವನ್ನು ಕೊಡುವರು. ಚಾಸಿಸ್ ಸಂಖ್ಯೆಯಿರುವ ತುಂಡನ್ನು ಕತ್ತರಿಸಿ ಬೇರೆಯಾಗಿ ಇರಿಸುವರು. ಎಣ್ಣೆ, ಬ್ಯಾಟರಿಗಳನ್ನು ನೆಲಕ್ಕೂ ನೀರಿಗೂ ಸೇರದಂತೆ ಮೊದಲೇ ತೆಗೆಯುವರು. ಆ ಪ್ರಮಾಣಪತ್ರದ ಮೇಲೆ ಹೊಸ ಗಾಡಿಯ ತೆರಿಗೆಯಲ್ಲಿ, ಬಾಡಿಗೆಯ ವಾಹನವಾದರೆ ನೂರಕ್ಕೆ ಹದಿನೈದರವರೆಗೆ, ಸ್ವಂತದ್ದಾದರೆ ಇಪ್ಪತ್ತೈದರವರೆಗೆ ರಾಜ್ಯಗಳು ರಿಯಾಯಿತಿಯನ್ನು ಕೊಡಬಹುದೆಂದು ಕೇಂದ್ರ ಸರಕಾರವು ಅದೇ ವರ್ಷ ಅವಕಾಶವನ್ನಿತ್ತಿತು. ಬೇರೆ ಯಾವ ರೀತಿಯಿಂದ ಗಾಡಿಯು ನಾಶವಾದರೂ ಹದಿನಾಲ್ಕು ದಿನಗಳೊಳಗಾಗಿ ಕಚೇರಿಗೆ ತಿಳಿಸಿ ನೋಂದಣಿಯನ್ನು ರದ್ದುಪಡಿಸಿಕೊಳ್ಳಬೇಕೆಂಬುದು ಹಳೆಯ ಕಾನೂನೇ.

ನಾವು ಈ ಎರಡನೆಯ ದಾರಿಯನ್ನು ಹಿಡಿದೆವು. ದೂರದ ಕೇಂದ್ರಕ್ಕೆ ಸಾಗಿಸಿದ ಖರ್ಚನ್ನು ಕಳೆದರೆ ಕೈಗೆ ಬಂದುದು ಆ ಯುವಕನು ಕೊಡುವೆನೆಂದುದರ ಅರ್ಧಕ್ಕಿಂತ ಕಡಿಮೆ. ಆ ವರ್ಷ ಗೊಬ್ಬರಕ್ಕೆ ಕೈಸಾಲವನ್ನು ಮಾಡಬೇಕಾಯಿತು; ಇದನ್ನು ಹೇಳದೆ ಬಿಟ್ಟರೆ ನಮ್ಮ ಉಪದೇಶವು ಪುಕ್ಕಟೆಯಾಗುವುದು. ಆದರೆ ಬರಿಗೈಯಲ್ಲಿ ಹಿಂದಿರುಗಿದ ಯುವಕನ ಮಾತೂ ಉಳಿದಿತ್ತು. ಕೆಟ್ಟ ಗಾಡಿಯನ್ನು ಕೊಡಲಿಲ್ಲವೆಂಬ ಪುಣ್ಯದಿಂದ ಅವನ ಹೊಟ್ಟೆಯು ತುಂಬದು. ನಾಲ್ಕು ವರ್ಷ ಮಾತ್ರ ಓಡಿದ್ದ ಸಣ್ಣ ಗಾಡಿಯೊಂದನ್ನು ವೆಲ್ಡಿಂಗಿನವನಿಂದಲೇ ಪರೀಕ್ಷೆ ಮಾಡಿಸಿ, ಸಹಕಾರಿ ಬ್ಯಾಂಕಿನಲ್ಲಿ ಅವನ ಸಾಲಕ್ಕೆ ನಾವು ಜಾಮೀನಿನ ಸಹಿಯನ್ನು ಹಾಕಿದೆವು, ತೊಟ್ಟಿಯಲ್ಲಿ ಜನರನ್ನು ಹತ್ತಿಸೆನೆಂದು ಅವನಿಂದ ಮಾತನ್ನು ತೆಗೆದುಕೊಂಡು. ನಿವೃತ್ತಿವೇತನದವನಿಗೆ ಜಾಮೀನೆಂಬುದು ಸುಲಭದ ಮಾತಲ್ಲ. ಅವನು ಇದುವರೆಗೆ ಕಂತುಗಳನ್ನು ಕಟ್ಟುತ್ತಿರುವನು. ಎರಡು ಕಂತುಗಳು ತಡವಾದುವು. ಮುಂದಿನದನ್ನು ಮಳೆಯೂ ಉಳ್ಳಾಗಡ್ಡಿಯ ಧಾರಣೆಯೂ ನಿರ್ಣಯಿಸತಕ್ಕವು.

ಹಳೆಯದನ್ನು ಸರಿಪಡಿಸಿ ನಡೆಸುವುದು ಬಡದೇಶದ ಗೃಹಸ್ಥನಿಗೆ ಭೂಷಣವೇ. ಆದರೆ ಬ್ರೇಕು, ಸ್ಟಿಯರಿಂಗು, ಚಾಸಿಸ್ ಈ ಮೂರರಲ್ಲಿ ದೋಷವು ಕಂ��ು, ಬಲ್ಲವನು ತಲೆಯಾಡಿಸಿದ ಮೇಲೆ, ಮಿತವ್ಯಯವೆಂಬ ಹೆಸರಿನಿಂದ ಅದನ್ನು ಓಡಿಸುವುದಾಗಲಿ ಮಾರುವುದಾಗಲಿ ಸಲ್ಲದು. ಆ ಬೆಲೆಯನ್ನು ತೆರುವವರು ತೊಟ್ಟಿಯಲ್ಲಿ ಕುಳಿತವರು, ದಾರಿಯಲ್ಲಿ ನಡೆಯುವವರು.

ವಾಚಕರಲ್ಲಿ ಎಷ್ಟೋ ಮಂದಿಯ ಹಿತ್ತಲಿನಲ್ಲಿ ನಿಂತ ಗಾಡಿಯೊಂದಿರಬಹುದು. ಇನ್ನೆಷ್ಟೋ ಮಂದಿ ವರ್ಷಗಳ ಹಿಂದೆಯೇ ಮಾರಿ ಮರೆತಿರಬಹುದು. ಈ ಸಂಚಿಕೆಯನ್ನು ಮಡಿಸಿಟ್ಟ ಮೇಲೆ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳನ್ನು ಒಮ್ಮೆ ತೆಗೆದು, ಆ ಗಾಡಿಯು ಈಗ ಎಲ್ಲಿರುವುದು, ಯಾರು ಓಡಿಸುತ್ತಿರುವರು, ಯಾರ ಹೆಸರಿನಲ್ಲಿರುವುದು ಎಂಬ ಮೂರು ಪ್ರಶ್ನೆಗಳಿಗೆ ಮನೆಯವರೆಲ್ಲರೂ ಕೂಡಿ ಉತ್ತರವನ್ನು ಹುಡುಕಿಕೊಳ್ಳಬೇಕೆಂದು ನಾವು ಬಿನ್ನವಿಸಿಕೊಳ್ಳುವೆವು.